ತಣ್ಣಗಿದ್ದಾಗ ಸರಿಯಿದ್ದ ಗಾಡಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಇಪ್ಪತ್ತೆಂಟು ವರ್ಷ ಹಳೆಯ ಸಣ್ಣ ಟ್ರಕ್ಕೊಂದು ಸುತ್ತು ಹಾಕುತ್ತಿದೆ. ಸ್ಟೀರಿಂಗ್ ಹಿಡಿದವರು ಗೇರಕ್ಕ. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದೇ ಕಸುಬಾದ್ದರಿಂದ ಅಂಟಿಕೊಂಡ ಹೆಸರು. ವಯಸ್ಸಿನಲ್ಲಿ ಹಿರಿಯರೂ ಹಾಗೆಯೇ ಕರೆಯುತ್ತಾರೆ. ಪಕ್ಕದಲ್ಲಿರುವುದು ಅವರ ಅಣ್ಣ, ಈ ಟ್ರಕ್ಕಿನ ಡ್ರೈವರ್.

"ಗಾಣದ ಎತ್ತಿನ ಥರ ಸುತ್ತಿಸ್ತಿದ್ದೀಯಲ್ಲೇ, ತಲೆ ತಿರುಗ್ತಿದೆ."

"ಎಣ್ಣೆ ಕಾಯೋವರೆಗೂ ತಿರುಗ್ಲಿ ಬಿಡೋ ಅಣ್ಣ."

ಮಾತು ತಮಾಷೆಯದು, ಆದರೆ ಅಣ್ಣನ ಕೈ ಬಾಗಿಲಿನ ಹಿಡಿಯನ್ನು ಬಿಟ್ಟಿಲ್ಲ. ಮೂರು ದಿನದ ಹಿಂದೆ, ಮೇವಿನ ಮೂಟೆ ಹೇರಿಕೊಂಡು ಹೋಗುವಾಗ ಈ ಗಾಡಿ ಸತ್ತು ನಿಂತದ್ದು ರೈಲು ಹಳಿಯ ಮೇಲೆ. ಮುಂದಿನ ಗಾಡಿ ನಿಧಾನಿಸಿತೆಂದು ಬ್ರೇಕ್ ಒತ್ತಿದರು, ಎಂಜಿನ್ ಆರಿಹೋಯಿತು. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಯಿತು, ಗೇರಿಗೆ ಹಾಕಿದೊಡನೆ ಮತ್ತೆ ಆರಿತು. ಗೇಟಿನ ಗಂಟೆ ಬಡಿಯತೊಡಗಿತ್ತು. ಹತ್ತು ಹನ್ನೆರಡು ಜನ ಓಡಿಬಂದು ತಳ್ಳಿದರು. ಹಿಂದಿನ ಚಕ್ರ ಹಳಿ ದಾಟಿ ಎರಡು ನಿಮಿಷವಾಗಿರಲಿಲ್ಲ, ರೈಲು ಹಾದುಹೋಯಿತು. ಆ ಗಾಳಿಯ ಹೊಡೆತಕ್ಕೆ ತಾನು ನಿಂತಲ್ಲೇ ಕುಸಿದೆ ಎಂದಷ್ಟೇ ಅಣ್ಣ ಪತ್ರಿಕೆಗೆ ಹೇಳುತ್ತಾರೆ.

ಗಾಡಿಯನ್ನು ಎಳೆದು ತರುವಷ್ಟರಲ್ಲಿ ಅದು ತಣ್ಣಗಾಗಿ ಚೆನ್ನಾಗಿಯೇ ಓಡಿತು. ಡ್ರೈವರ್ ತೂಕಡಿಸಿದ್ದಾನೆಂದು ಮಾಲೀಕರು, ಗ್ಯಾರೇಜಿಗೆ ಒಂದು ಕೀಲಿ ಬಿಟ್ಟು, ಅಣ್ಣನ ಕೀಲಿ ಕಿತ್ತುಕೊಂಡರು. ಅದಕ್ಕೆ ಅವರು ತೋರಿಸಿದ ಸಾಕ್ಷಿ ಒಂದು ಚೀಟಿ. ಹಿಂದಿನ ವಾರವಷ್ಟೇ ಗಾಡಿ ಪರೀಕ್ಷಿಸಿ ಗೇರಕ್ಕ ತಮ್ಮ ಕೈಯಾರೆ ಬರೆದುಕೊಟ್ಟದ್ದು: ಗಾಡಿ ಸರಿ ಇದೆ.

ಇಪ್ಪತ್ತಾರು ವರ್ಷದ ಕಸುಬು. ದಿನಕ್ಕೆ ಎರಡೋ ಮೂರೋ ಗಾಡಿ, ವಾರಕ್ಕೊಂದು ಗೇರ್‌ಬಾಕ್ಸ್ ಪೂರ್ತಿ ಬಿಚ್ಚುವುದು. ಗಂಡ ತೀರಿಕೊಂಡಾಗ ಗ್ಯಾರೇಜು ಮುಚ್ಚಿಬಿಡು ಎಂದವರೇ ಹೆಚ್ಚು. "ಬಾಗಿಲು ಹಾಕ್ಕೊಂಡು ಒಳಗೆ ಕೂತು ಏನ್ ಮಾಡ್ಲಿ? ಅದಕ್ಕೆ ಗಾಡಿ ಅಡೀಲಿ ಮಲಗ್ದೆ," ಎನ್ನುತ್ತಾರೆ. ಅವರದೊಂದು ರೂಢಿ: ಪರೀಕ್ಷೆಯೆಲ್ಲ ಬೆಳಗಿನ ಜಾವಕ್ಕೇ, ಕಬ್ಬಿಣ ತಣ್ಣಗಿರುವಾಗ. ಕೈ ಸುಡುವುದಿಲ್ಲ, ಗಿರಾಕಿಗಳ ಕಾಟವಿಲ್ಲ.

ಈ ಟ್ರಕ್ಕಿಗೆ ಕ್ಲಚ್ ಪೆಡಲ್ ಇಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಎಣ್ಣೆಯ ಮೂಲಕ ತಿರುಗುಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇದೆ. ವೇಗ ಬಂದಾಗ ಅದರೊಳಗಿನ ಕ್ಲಚ್ ಎರಡನ್ನೂ ಬಿಗಿಯಾಗಿ ಕಚ್ಚಿಸುತ್ತದೆ, ನಿಧಾನಿಸಿದಾಗ ಬಿಡಿಸುತ್ತದೆ. ಹಿಡಿ, ಬಿಡು ಎಂದು ಅದಕ್ಕೆ ಹೇಳುವುದು ಹೆಬ್ಬೆರಳಷ್ಟೇ ಇರುವ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟ. ಬಿಡದಿದ್ದರೆ ಎಂಜಿನ್ ಉಸಿರುಕಟ್ಟಿ ಸಾಯುತ್ತದೆ.

ನಲವತ್ತು ನಿಮಿಷ ಸುತ್ತಿದ ಮೇಲೆ ಗೇರಕ್ಕ ಬಯಲಿನ ಉದ್ದಕ್ಕೂ ಗಾಡಿ ಓಡಿಸಿ ಬ್ರೇಕ್ ಒತ್ತುತ್ತಾರೆ. ಗಾಡಿ ನಡುಗಿ ಆರಿಹೋಗುತ್ತದೆ. ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಾರೆ. ಗೇರಕ್ಕ ಕೆಳಗೆ ತೂರಿ, ಗೇರ್‌ಬಾಕ್ಸಿನ ಪಕ್ಕದಲ್ಲಿ ಸೊಲೆನಾಯ್ಡಿಗೆ ಹೋಗುವ ತಂತಿ ಕಳಚಿ, ಗಾಡಿ ತಣಿಯುವವರೆಗೂ ಕಾದು, ಮತ್ತೆ ಅಷ್ಟೇ ಹೊತ್ತು ಓಡಿಸುತ್ತಾರೆ. ಈ ಸಲ ಬ್ರೇಕ್ ಒತ್ತಿದರೂ ಎಂಜಿನ್ ಗುರ್ ಎನ್ನುತ್ತಲೇ ಇದೆ: ತಂತಿಯಿಲ್ಲದೆ ಕ್ಲಚ್ ಕಚ್ಚಲೇ ಇಲ್ಲ.

ಮಾಲೀಕರು ಬರುವ ಹೊತ್ತಿಗೆ ಗೇರ್‌ಬಾಕ್ಸಿನ ತಳ ಬಿಚ್ಚಿ, ಎಣ್ಣೆ ಬಸಿದು ಹೊರತೆಗೆದ ಸೊಲೆನಾಯ್ಡ್ ಮೇಜಿನ ಮೇಲಿದೆ. ಬ್ಯಾಟರಿಯ ತಂತಿ ಮುಟ್ಟಿಸಿದರೆ ಟಕ್, ತೆಗೆದರೆ ಟಕ್.

"ಸರಿ ಇದೆಯಲ್ಲಮ್ಮ!" ಎನ್ನುತ್ತಾರೆ ಮಾಲೀಕರು.

"ಹೋದ ವಾರ ನಾನೂ ಇದನ್ನೇ ಕೇಳಿಸ್ಕೊಂಡು ಚೀಟಿ ಬರೆದೆ."

ಅದನ್ನೇ ಕಾಯಿಸಿದ ಎಣ್ಣೆಯಲ್ಲಿ ಅದ್ದಿಡುತ್ತಾರೆ. ತಂತಿ ಮುಟ್ಟಿಸುತ್ತಾರೆ: ಟಕ್. ತೆಗೆಯುತ್ತಾರೆ. ಮೂವರೂ ಬಗ್ಗಿ ನಿಂತಿದ್ದಾರೆ. ಸದ್ದೇ ಇಲ್ಲ. ಒಳಗಿನ ಕಡ್ಡಿ ಕಚ್ಚಿಕೊಂಡಲ್ಲೇ ಕೂತಿದೆ. ಗೊತ್ತಿದ್ದೇ ಮಾಡಿದ ಪರೀಕ್ಷೆ. ಆದರೂ ಗೇರಕ್ಕ ತಂತಿ ಮುಟ್ಟಿಸಿ ತೆಗೆದು ಮತ್ತೊಮ್ಮೆ ನೋಡುತ್ತಾರೆ.

"ಅಂದ್ರೆ ಇವನು ತೂಕಡಿಸಿರ್ಲಿಲ್ವಾ?"

"ಇಲ್ಲ ಮಾಲೀಕ್ರೇ. ಹಳಿ ಮೇಲೆ ಅವನನ್ನ ನಿಲ್ಲಿಸಿದ್ದು ನನ್ನ ಚೀಟಿ."

ಮಾಲೀಕರು ಜೇಬಿನಿಂದ ಕೀಲಿ ತೆಗೆದು ಡ್ರೈವರನ ಅಂಗೈಯಲ್ಲಿಡುತ್ತಾರೆ, ಮುಖ ನೋಡಲಾಗದೆ. "ಹೊಸದು ಹಾಕಿದ್ಮೇಲೆ ನಾನೇ ಬಿಸಿ ಮಾಡಿ ನೋಡ್ತೀನಿ, ಆಮೇಲೆ ಹೋಗು," ಎಂದು ಗೇರಕ್ಕ ಹೇಳಿದರೆ, "ಹೂಂ ಕಣಮ್ಮ, ಗಾಣ ನಿಂದೇ," ಎನ್ನುತ್ತಾರೆ ಅಣ್ಣ.

ಪತ್ರಿಕೆಯಲ್ಲಿ ಏನು ಬರಬೇಕೆಂದು ಕೇಳಿದರೆ ಗೇರಕ್ಕ ಕೈ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ. "ಹೊಗಳಿಕೆ ಬೇಡ. ತಣ್ಣಗಿದ್ದಾಗ ನೋಡಿ ಸರಿ ಇದೆ ಅಂದವಳು ಇವಳೇ ಅಂತ ಬರೀರಿ. ಇನ್ಯಾವುದೋ ಗ್ಯಾರೇಜಲ್ಲಿ ಯಾರೋ ಚೀಟಿ ಬರೀತಾ ಕೂತಿರ್ತಾರೆ, ಅವರು ಓದ್ಲಿ."