ಡಾಂಬರಿನ ಅಂಚು

ಎಪ್ಪತ್ತರ ದಶಕದಲ್ಲಿ ನಾನು ಶಿಕಾರಿಪುರದಿಂದ ಅಂಜನಾಪುರದ ಕಡೆಯ ಹಳ್ಳಿಗಳಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಬಾಣಂತಿಯರನ್ನು ನೋಡುವ ನರ್ಸ್ ಕೆಲಸ. ಹೆಂಗಸು ಸೈಕಲ್ ತುಳಿಯುವುದನ್ನು ಕಂಡು ನಗುತ್ತಿದ್ದವರು ಸುಮ್ಮನಾಗುವ ಹೊತ್ತಿಗೆ ರಸ್ತೆಗೆ ಡಾಂಬರು ಬಂತು. ಅದೂ ನಡುವೆ, ಒಂದು ಬಸ್ಸು ಹಿಡಿಸುವಷ್ಟು ಮಾತ್ರ. ಅಂಚು ಗೇಣಷ್ಟು ಎತ್ತರ, ಕೆಳಗೆ ಸಡಿಲ ಜಲ್ಲಿ. ಹಿಂದೆ ಹಾರನ್ ಕೇಳಿದರೆ ನಾವೇ ಇಳಿಯಬೇಕು.

ನನ್ನ ಹಾಗೆ ದಿನಾ ಅದೇ ದಾರಿ ತುಳಿಯುತ್ತಿದ್ದವರು ಪೇಟೆಯ ಬಳೆಗಾರ ಸಾಬರು. ಒಂದು ಬೆಳಿಗ್ಗೆ ನನ್ನ ಕಣ್ಣೆದುರೇ ಲಾರಿಗೆ ದಾರಿ ಬಿಡಲು ಹೋಗಿ ಜಾರಿ ಬಿದ್ದರು. ಮಣಿಕಟ್ಟು ಮುರಿದಿತ್ತು. ಸೈಕಲ್ ಪಂಪನ್ನೇ ಆಸರೆಗಿಟ್ಟು ನಾನು ಕೈ ಕಟ್ಟುವಾಗ ಅವರು ಒಡೆದು ಚೆಲ್ಲಿದ ಬಳೆಗಳ ಚೂರುಗಳನ್ನೇ ನೋಡುತ್ತಿದ್ದರು.

"ಮಕ್ಳು ಬರಿಗಾಲಲ್ಲಿ ಓಡಾಡ್ತಾವೆ ನರ್ಸಮ್ಮ. ಮೊದ್ಲು ಅದನ್ನ ಆರಿಸ್ರೀ," ಎಂದರು.

ಕೈಗೆ ಪ್ಲಾಸ್ಟರ್ ಹಾಕಿಸಿದ ಮೇಲೆ ಇಬ್ಬರೂ ರಸ್ತೆ ಕಚೇರಿಗೆ ಹೋದೆವು. ಅಲ್ಲಿನ ಇಂಜಿನಿಯರ್ ಸಾಹೇಬರು ಕೂರಿಸಿ ಮಾತಾಡಿಸಿದರು.

"ಸೈಕಲ್‌ಗೆ ಅಂತ ಬ್ಯಾರೆ ದಾರಿ ಮಾಡೋಕೆ ಸರ್ಕಾರದಲ್ಲಿ ಯಾವ ಸ್ಕೀಮೂ ಇಲ್ಲ ರೀ. ದೊಡ್ಡ ಊರಲ್ಲೇ ಇಲ್ಲ, ಇಲ್ಲೆಲ್ಲಿಂದ ತರ್ಲಿ?"

"ದಾರಿ ಬ್ಯಾಡ ಸಾರ್. ಅಂಚಿಗೆ ಒಂದಿಷ್ಟು ಮಣ್ಣು ಹಾಕ್ಸಿ, ಸಾಕು," ಎಂದೆ.

ಮಳೆಗಾಲ ಕಳೆದ ಮೇಲೆ ನಿಜವಾಗಿಯೂ ಮಣ್ಣು ಬಂತು. ರೋಲರ್ ಕೂಡ ಓಡಿತು. ಅಷ್ಟರಲ್ಲಿ ಸಾಬರ ಪ್ಲಾಸ್ಟರ್ ತೆಗೆದಿದ್ದರು. ಕೆಲವು ದಿನ ಇಬ್ಬರೂ ಮಾತಾಡಿಕೊಂಡು, ಹಿಂದೆ ತಿರುಗಿ ನೋಡದೆ ತುಳಿದೆವು. ಆಮೇಲೆ ಎದುರುಬದುರಾದ ಬಸ್ಸು ಲಾರಿಗಳು ವೇಗ ಇಳಿಸದೆ ಆ ಮಣ್ಣಿನ ಮೇಲೇ ಹಾಯತೊಡಗಿದವು. ಮೊದಲು ಜಲ್ಲಿಗೆ ಇಳಿಯುತ್ತಿದ್ದವರು ಈಗ ಗದ್ದೆಯ ಬದುವಿಗೆ ಇಳಿಯಬೇಕಾಯಿತು.

"ಕೇಳಿದ್ದು ನಾವು, ಸಿಕ್ಕಿದ್ದು ಅವ್ರಿಗೆ," ಎಂದರು ಸಾಬರು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಇನ್ನೊಮ್ಮೆ ಕಚೇರಿಗೆ ಹೋಗೋಣವೆಂದೆ. ಸರಿಯಾಗಿ ಕೂಡಿಕೊಳ್ಳದ ಕೈಯನ್ನು ಆಡಿಸಿ, "ನಂಗಾಗಲ್ಲಮ್ಮ," ಎಂದುಬಿಟ್ಟರು. ಆ ಬೇಸಿಗೆಯಿಂದ ಅವರು ಪೇಟೆಯಲ್ಲಿ ಕೂತೇ ಬಳೆ ಮಾರಿದರು. ಹಳ್ಳಿಯ ಹೆಂಗಸರು ನನ್ನನ್ನು ಕಂಡಾಗಲೆಲ್ಲ, ಬಳೆ ಸಾಬ್ರು ಯಾಕೆ ಬರಲ್ಲ ಎಂದು ಕೇಳುತ್ತಿದ್ದರು.

ಕಚೇರಿಗೆ ಒಬ್ಬಳೇ ಹೋದೆ. ಆ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳುವ ತ್ರಾಣ ನನ್ನಲ್ಲಿರಲಿಲ್ಲ. ಬೆಂಚಿನಿಂದ ಎದ್ದು ಬಂದೆ.

ಮುಂದೆ ನನಗೂ ಸೊರಬಕ್ಕೆ ವರ್ಗವಾಯಿತು. ಅಲ್ಲಿ ನಾನು ಹೋಗಬೇಕಿದ್ದ ಹೊಸಬಾಳೆ ಹಳ್ಳಿಯ ದಾರಿ ಆಗಿನ್ನೂ ಮಣ್ಣಿನದು. ಎತ್ತಿನ ಗಾಡಿಗಳ ಜೊತೆ ನಿಧಾನವಾಗಿ ತುಳಿಯುತ್ತಿದ್ದೆ. ಒಂದು ದಿನ ಬಾಣಂತಿಯ ಮನೆಯ ಅಜ್ಜಿ ಖುಷಿಯಿಂದ ಎದುರುಗೊಂಡಳು.

"ನಮ್ಮ ದಾರಿಗೂ ಟಾರ್ ಹಾಕ್ತಾರಂತೆ ಮಾರಾಯ್ತಿ! ಇನ್ನು ನಿಂಗೆ ಸಲೀಸು."

ಹೂಂ ಎಂದೆ. ಸೈಕಲ್ ಗೋಡೆಗೆ ಒರಗಿಸಿ, ಕೈ ತೊಳೆಯಲು ನೀರು ಕೇಳಿದೆ.