ರೆಪ್ಪೆಯ ಚೂರು

ಅಮ್ಮನ ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ಹೆಸರುಕಾಳಿನಷ್ಟು ಗಂಟು ಎದ್ದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಕಣ್ಣಿಗೆ ಕುರು ಏಳುವುದು ಹೊಸದೇ? ಬೆರಳನ್ನು ಅಂಗೈಗೆ ಉಜ್ಜಿ ಶಾಖ ಕೊಟ್ಟುಕೊಂಡು ಅವಳು ಮಗ್ಗದಲ್ಲಿ ಹರಿದ ಎಳೆ ಸೇರಿಸುತ್ತಿದ್ದಳು. ಕೊಯಮತ್ತೂರಿನ ಕಣ್ಣಿನ ಡಾಕ್ಟರು ಒಮ್ಮೆ ಕೆರೆದು ತೆಗೆದರು. ಐದು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು.

ಎರಡನೇ ಸಲ ತೆಗೆದ ಚೂರನ್ನು ಮದ್ದಿನ ನೀರಿದ್ದ ಪುಟ್ಟ ಬಾಟಲಿಗೆ ಹಾಕಿ, ಲ್ಯಾಬಿಗೆ ಕೊಡು ಎಂದು ನನ್ನ ಕೈಗಿತ್ತರು. ಆಗ ನನಗೆ ಇಪ್ಪತ್ತೆರಡು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ಕೆಲಸ. ತೂತು ಬಿದ್ದ ಬಟ್ಟೆಯನ್ನು ಒಂದೇ ನೋಟಕ್ಕೆ ಹಿಡಿಯುತ್ತೇನೆಂಬ ಜಂಬ ಬೇರೆ. ಬಾಟಲಿಯನ್ನು ಬೆಳಕಿಗೆ ಹಿಡಿದೆ. ಅಕ್ಕಿಕಾಳಿನಷ್ಟು ಹಳದಿ ಚೂರು. ಇದರಲ್ಲಿ ನೋಡುವುದೇನಿದೆ, ನಾಳೆ ಕೊಟ್ಟರಾಯಿತು ಎಂದು ಮನೆಗೆ ತಂದೆ.

ಕತ್ತರಿಸಿದ ಉಗುರು, ಕೂದಲನ್ನೂ ಹೂಳುವ ಮನೆ ನಮ್ಮದು. ಅಜ್ಜಿ ಹೌಹಾರಿದಳು. "ಉಸ್ರಿರೋ ಮೈಯಿನ ಚೂರು ಅದು. ಕಂಡೋರ ಕೈಗೆ ಕೊಡ್ತಾರಾ? ಬೇಡ ಸಾಮಿ, ಮಣ್ಣಿಗೆ ಹಾಕ್ಬಿಡು."

ಲ್ಯಾಬಿಗೆ ಎರಡು ಬಸ್ಸು ಬದಲಾಯಿಸುವುದು ತಪ್ಪಿತಲ್ಲ ಎಂದು ನನಗೂ ಹಗುರಾಯಿತು. ಅಜ್ಜಿಯ ಮೇಲೆ ಹಾಕಿ ಜಾರಿಕೊಳ್ಳಲಾರೆ, ಹಿತ್ತಿಲಲ್ಲಿ ಗುಂಡಿ ತೋಡಿದ್ದು ನಾನೇ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಾಯ ಮಾಯಿತು, ಮತ್ತೆ ಡಾಕ್ಟರ ಬಳಿ ಹೋಗಲಿಲ್ಲ.

ಮರುವರ್ಷ ರೆಪ್ಪೆ ದಪ್ಪಗಾಯಿತು, ಅದರ ಕೂದಲು ಉದುರಿತು, ಕಿವಿಯ ಮುಂದೆಯೂ ಒಂದು ಗಂಟು ಕಾಣಿಸಿತು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ದೊಡ್ಡ ಆಸ್ಪತ್ರೆಯವರು ಈ ಸಲ ಚೂರನ್ನು ತಾವೇ ಪರೀಕ್ಷೆಗೆ ಕಳಿಸಿದರು. ನಾನು ಬಿಡದೆ ಕೇಳಿದ್ದಕ್ಕೆ ಲ್ಯಾಬಿನ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕಣ್ಣೀರು ಬೇಗ ಆರದಂತೆ ಎಣ್ಣೆ ಒಸರುವ ಗ್ರಂಥಿಗಳು ರೆಪ್ಪೆಯೊಳಗಿವೆಯಂತೆ. ತೀರಾ ಅಪರೂಪಕ್ಕೆ ಅಲ್ಲೇ ಕ್ಯಾನ್ಸರ್ ಹುಟ್ಟುತ್ತದಂತೆ, ನೋಡಲು ಬರೀ ಕುರುವಿನ ಹಾಗೆ. ನೇರಳೆ ಚುಕ್ಕೆಗಳ ಸುತ್ತ ನೊರೆಯಂಥ ಗುಳ್ಳೆಗಳಿದ್ದವು. ಅದು ಕೊಬ್ಬು ಇದ್ದ ಜಾಗ, ಸ್ಲೈಡ್ ಮಾಡುವಾಗ ಕೊಬ್ಬು ಕರಗಿಹೋಗಿದೆ ಎಂದರು. ಗಂಟಿನಿಂದ ದೂರದ, ಚೆನ್ನಾಗಿಯೇ ಕಾಣುವ ಚರ್ಮದಲ್ಲೂ ಅಂಥ ಕೋಶಗಳು ಒಂದೊಂದಾಗಿ ಸೇರಿಕೊಂಡಿದ್ದವು. ಇನ್ನು ಕಣ್ಣನ್ನೇ ತೆಗೆಯಬೇಕಿತ್ತು.

ಆಪರೇಷನ್ನಿನ ಡಾಕ್ಟರು ಜೊತೆಗೆ ಬಂದಿದ್ದ ನೆಂಟರೆಲ್ಲರ ಎದುರು ಕೇಳಿದರು, ಹಿಂದಿನ ಚೂರನ್ನು ಯಾಕೆ ಪರೀಕ್ಷೆ ಮಾಡಿಸಲಿಲ್ಲ ಎಂದು.

ಮನೆಯಲ್ಲಿ ಕನ್ನಡವನ್ನೇ ಆಡುವ ಅಮ್ಮ ಅವರಿಗೆ ತಮಿಳಿನಲ್ಲಿ ಹೇಳಿದಳು: "ನಾನೇ ಬಿಸಾಕ್ಬಿಟ್ಟೆ ಡಾಕ್ಟ್ರೇ. ಮಗಳು ಕೊಡಕ್ಕೇ ಹೊರಟಿದ್ಲು, ನಾನೇ ಕಿತ್ಕೊಂಡೆ."

ಅವರು ಅವಳನ್ನು ಚೆನ್ನಾಗಿ ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಹೊರಗೆ ಬಂದು, "ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲ ನೀನು" ಅಂದಳು.

ಕಣ್ಣು ಹೋದ ಮೇಲೆ ಅಮ್ಮ ಹದಿನಾಲ್ಕು ತಿಂಗಳು ಬದುಕಿದಳು. ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೆಣದ ಸುತ್ತ ಕೂತ ನೆಂಟರು, ಚೂರನ್ನು ಬಿಸಾಕಿ ತನ್ನ ಸಾವನ್ನು ತಾನೇ ತಂದುಕೊಂಡಳು ಎಂದು ಮಾತಾಡಿಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.