ಸದ್ದಿಲ್ಲದ ಬೇಟೆಗಾಡಿ

ಐರ್ಲೆಂಡಿನ ಸ್ಲೈಗೋ ಊರಾಚೆ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಪಕ್ಕದಲ್ಲೇ ಒಬ್ಬರೇ ಇದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಅವರ ಸೊಂಟದ ಆಪರೇಷನ್ ಕೋವಿಡ್ ದೆಸೆಯಿಂದ ಎರಡು ಸಲ ಮುಂದಕ್ಕೆ ಹೋಗಿತ್ತು. ಅಷ್ಟರಲ್ಲಿ ಹಿಂದಿನ ಗುಡ್ಡದಲ್ಲಿ ಅವರು ನೆಟ್ಟಿದ್ದ ಸಸಿಗಳನ್ನು ಜಿಂಕೆಗಳು ಮೇಯ್ದು ಮುಗಿಸುತ್ತಿದ್ದವು. ಲೈಸೆನ್ಸಿನ ಬಂದೂಕು ಬೀರುವಿನಲ್ಲಿತ್ತು, ಗುಡ್ಡ ಹತ್ತಲು ಮಾತ್ರ ಆಗುತ್ತಿರಲಿಲ್ಲ.

ಒಂದು ಸೆಪ್ಟೆಂಬರ್ ಸಂಜೆ ಬೇಲಿಯಾಚೆಯಿಂದ ಕೇಳಿದರು. "ನೀನು ಮೋಟರ್ ಕಂಟ್ರೋಲ್ ಕೆಲಸ ಮಾಡೋಳಲ್ವಾ? ಮುಚ್ಚಿರೋ ಗಾಲ್ಫ್ ಕ್ಲಬ್‌ನೋರು ಹಳೇ ಗಾಡಿ ಮಾರ್ತಾ ಇದಾರೆ. ಗುಡ್ಡ ಹತ್ತೋಕೆ ಯಾವುದು ತಗೋಬೇಕು ಹೇಳು."

ಆರು ತಿಂಗಳಿಂದ ಊಟದ ಟೇಬಲ್ಲೇ ಆಫೀಸಾಗಿದ್ದ ನನಗೆ ಲ್ಯಾಪ್‌ಟಾಪ್ ಬಿಟ್ಟು ಏನಾದರೂ ಮುಟ್ಟಿದರೆ ಸಾಕು ಅನಿಸಿತ್ತು. ಗಂಡ ಮಾತ್ರ ನಕ್ಕ. "ಮೊಟ್ಟೆ ಕೂಡ ತಿನ್ನದ ಮನೇಲಿ ಹುಟ್ಟಿ ಬೇಟೆಗಾಡಿ ಮಾಡ್ಕೊಡ್ತೀಯಾ?"

"ಗಾಡಿ ಅಷ್ಟೇ ನಂದು. ಬೇಟೆ ಅವರದು," ಎಂದೆ.

ಎರಡು ಗಾಡಿಗಳಿದ್ದವು. ಪೆಟ್ರೋಲಿನದು ಏರು ಚೆನ್ನಾಗಿ ಹತ್ತುತ್ತಿತ್ತು, ಆದರೆ ಅದರ ಗುಡುಗುಡು ಮೈಲಿ ದೂರಕ್ಕೆ ಕೇಳುವಂತಿತ್ತು. ಬ್ಯಾಟರಿಯದನ್ನೇ ಆರಿಸಿದೆ. ಗಾಡಿಯಿಂದ ಗುಂಡು ಹಾರಿಸುವುದು ಇಲ್ಲಿ ಕಾನೂನಿಗೆ ವಿರುದ್ಧ. ಮೇಲಕ್ಕೆ ಹೋಗಲು, ಬಿದ್ದ ಜಿಂಕೆಯನ್ನು ಕೆಳಗೆ ತರಲು ಅಷ್ಟೇ ಅದು ಬೇಕಿತ್ತು.

ಮೋಟರ್‌ಗಿಂತ ಉಳಿದದ್ದೇ ಹೆಚ್ಚು ಸದ್ದು ಮಾಡುತ್ತಿತ್ತು. ಸಡಿಲ ಚಾವಣಿ ಬಿಚ್ಚಿದೆವು. ಹಿಂದೆ ಸರಿಯುವಾಗ ಕೂಗುವ ಬೀಪರಿನ ತಂತಿ ಕತ್ತರಿಸಿದೆ. ಪ್ಲಾಸ್ಟಿಕ್ ಕಬ್ಬಿಣಕ್ಕೆ ತಾಗುವ ಕಡೆಯೆಲ್ಲ ಸೈಕಲ್ ಟ್ಯೂಬಿನ ತುಂಡು, ಬ್ರೇಕ್ ಪೆಡಲಿನ ಕೆಳಗೆ ನನ್ನ ಯೋಗ ಮ್ಯಾಟಿನ ತುಂಡು. ಹೊರಡುವಾಗಿನ ಜರ್ಕು ಹೋಗುವಂತೆ ಕಂಟ್ರೋಲರ್ ಸೆಟ್ಟಿಂಗ್ ಬದಲಿಸಿದೆ. ಹೊಳೆಯುವ ಬಿಳಿ ಮೈಗೆ ಅವರು ಕೊಟ್ಟಿಗೆ ಬಾಗಿಲಿಗೆಂದು ಇಟ್ಟಿದ್ದ ಕಂದು ಬಣ್ಣ ಬಳಿದರು. ಮೂರನೇ ವಾರ ಅವರು ಗಾಡಿಯನ್ನು ನನ್ನ ಬೆನ್ನ ಹಿಂದೆ ತಂದು ನಿಲ್ಲಿಸಿದರೂ ನನಗೆ ಗೊತ್ತಾಗಲಿಲ್ಲ. ಹೆಮ್ಮೆಯೆನಿಸಿತು.

ಏರಿನಲ್ಲಿ ಬ್ಯಾಟರಿ ತಡೆಯುತ್ತದೆಯೇ ಎಂದು ನೋಡಲು ಒಂದು ಮುಂಜಾನೆ ಇಬ್ಬರೂ ಮಾಸ್ಕ್ ಹಾಕಿಕೊಂಡು ಹೊರಟೆವು. ಬಂದೂಕು ತಂದಿರಲಿಲ್ಲ. ನಾನೇ ಓಡಿಸುತ್ತಿದ್ದೆ. ಆಗಷ್ಟೇ ಬೆಳಕು ಹರಿದಿತ್ತು, ಕೆಳಗೆಲ್ಲ ಮಂಜು. ಎದೆಯೆತ್ತರದ ಒಣ ಜರಿಗಿಡಗಳ ನಡುವೆ ಏರುತ್ತಿದ್ದಾಗ ಢಂ ಎಂದಿತು. ನನ್ನ ಮೊಣಕಾಲಿನ ಮುಂದಿನ ಪ್ಲಾಸ್ಟಿಕ್ ಸಿಡಿದು ಹೋಳಾಯಿತು.

ಬ್ಯಾಟರಿ ಸಿಡಿಯಿತು, ನಾನೇ ಏನೋ ತಪ್ಪು ಜೋಡಿಸಿದ್ದೇನೆ ಎಂದುಕೊಂಡೆ. ಬ್ಯಾಟರಿ ನೋಡಲು ಇಳಿದು ಸೀಟು ಎತ್ತಹೋದೆ. ಮಾಲೀಕರು ನನ್ನ ಕೋಟು ಹಿಡಿದು ನೆಲಕ್ಕೆಳೆದರು. ಆಮೇಲೆ ಗುಡ್ಡದ ಕಡೆ ಮುಖ ಮಾಡಿ ಒಂದು ಹೆಸರು ಕೂಗಿದರು. ಆ ದನಿ ಅವರದೆಂದು ನನಗನಿಸಲಿಲ್ಲ.

ಬೇಲಿ ದಾಟಿ ಒಬ್ಬರು ಎಡವುತ್ತ ಓಡಿ ಬಂದರು. ಆಚೆ ಹೊಲದವರು, ಮಾಲೀಕರ ಜೊತೆ ನಲವತ್ತು ವರ್ಷ ಇಸ್ಪೀಟು ಆಡಿದವರು. ಬಂದೂಕನ್ನು ಹುಲ್ಲಿನ ಮೇಲಿಟ್ಟು, ಅಷ್ಟು ಗಾಬರಿಯಲ್ಲೂ ಆರಡಿ ದೂರದಲ್ಲೇ ನಿಂತರು.

"ಯಾರಿಗಾದ್ರೂ ತಾಗ್ತಾ? ಕಂದು ಬಣ್ಣ ಅಲ್ಲಾಡಿದ್ದು ಕಾಣಿಸ್ತು. ಸದ್ದೇ ಇರಲಿಲ್ಲ. ಗಾಡಿ ಅಂತ ಹೆಂಗೆ ಅಂದ್ಕೊಳ್ಳಲಿ?"

ಇಲ್ಲವೆಂದು ಕೈ ಅಲ್ಲಾಡಿಸಿದೆ. ಆ ಗಾಡಿಯ ಸದ್ದನ್ನು ಒಂದೊಂದಾಗಿ ಹುಡುಕಿ ತೆಗೆದವಳು ನಾನು.

ವಸಂತದಲ್ಲಿ ಮಾಲೀಕರೇ ಆ ಹೊಲದವರಿಗೆ ಫೋನ್ ಮಾಡಿ, ಜಿಂಕೆ ಕಂಡರೆ ತಮ್ಮ ಜಮೀನಿನಲ್ಲೂ ಹೊಡಿ ಎಂದಿದ್ದರಂತೆ, ಆಮೇಲೆ ಮರೆತಿದ್ದರಂತೆ. ಬೇರೆ ವರ್ಷವಾಗಿದ್ದರೆ ಗಾಡಿ ಬಂದ ದಿನವೇ ಅವರು ಬಂದು ಅದನ್ನು ತಟ್ಟಿ ನೋಡುತ್ತಿದ್ದರು. ಮಾರ್ಚ್‌ನಿಂದ ಇಬ್ಬರೂ ಮುಖ ನೋಡಿರಲಿಲ್ಲ.

ಆಚೆ ಹೊಲದವರು ಹುಲ್ಲಿನ ಮೇಲೆ ಕೂತರು. ಮಾಲೀಕರು ಸೊಂಟ ಹಿಡಿದುಕೊಂಡು ಎದ್ದು, ಆ ಆರಡಿ ದಾಟಿ, ಅವರ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ನಿಂತರು. "ತಪ್ಪು ನಿಂದೇ," ಎಂದರು. "ಏನು ಅಂತ ನೋಡದೆ ಹೊಡೀಬಾರದು." ಆದರೂ ಕೈ ಬಿಡಲಿಲ್ಲ. ಆ ದಿನವೇ ಆಚೆ ಹೊಲದವರು ತಾವಾಗಿ ಪೊಲೀಸರಿಗೆ ಫೋನ್ ಮಾಡಿ ಬಂದೂಕು ಒಪ್ಪಿಸಿದರು.

ಮನೆಗೆ ಬಂದಾಗ ಗಂಡ ಉಪ್ಪಿಟ್ಟು ಮಾಡುತ್ತಿದ್ದ. "ಹೆಂಗಿತ್ತು?" ಎಂದ. ಎಲ್ಲ ಸರಿ ಎನ್ನಲು ಇಲ್ಲಿಯವರು ಹೇಳುವಂತೆ "ಗ್ರ್ಯಾಂಡ್," ಎಂದು ಮೀಟಿಂಗಿಗೆ ಕೂತೆ. ಕ್ಯಾಮೆರಾ ಆಫ್ ಮಾಡಿದೆ.

ಮಧ್ಯಾಹ್ನ ಮಾಲೀಕರೇ ಬಾಗಿಲ ಬಳಿ ನಿಂತು ಗಂಡನಿಗೆ ಎಲ್ಲ ಹೇಳಿ ಕ್ಷಮೆ ಕೇಳಿದರು. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಒಳಗೆ ಬಂದು ನನ್ನ ಕುರ್ಚಿಯ ಮುಂದೆ ನೆಲದ ಮೇಲೆ ಕೂತ.

"ಯಾವ ಮೊಣಕಾಲು?"

"ಎಡಗಡೇದು."

ಅವನು ಅದರ ಮೇಲೆ ಕೈಯಿಟ್ಟ.